ವಾರಕ್ಕೆರಡು ಸಲ ನಾಯಿಗೆ ಸ್ನಾನ: ಚರ್ಮ ಒಣಗದಂತೆ, ಕೂದಲು ಕೆಡದಂತೆ ಮಾಡಿಸುವ ಕ್ರಮ

ಮೂರು ಮಳೆಗಾಲಗಳ ಹಿಂದೆ ನಮ್ಮ ಭೈರನ ಮೈಯಿಂದ ಕಮಟು ಹಿಡಿದ ಎಣ್ಣೆಯಂಥ ವಾಸನೆ ಬರತೊಡಗಿತು. ಅವನು ಅರ್ಧ ಲ್ಯಾಬ್ರಡಾರ್, ಇನ್ನರ್ಧ ನಮ್ಮೂರಿನದೇ ನಾಯಿ. ಸಾಗರದ ಸೀಮೆಯ ಅಡಿಕೆ ತೋಟದಲ್ಲಿ ಹಗಲೆಲ್ಲ ಅಲೆದು ಸಂಜೆ ಹೊಟ್ಟೆಯವರೆಗೂ ಕೆಸರು ಮೆತ್ತಿಕೊಂಡು ಮನೆಗೆ ಬರುವವನು. ವಾಸನೆಗೆ ಕೆಸರೇ ಕಾರಣವೆಂದು ತಿಳಿದು ನಾವು ದಿನ ಬಿಟ್ಟು ದಿನ, ಮನೆಮಂದಿ ಮೈಗೆ ಹಚ್ಚಿಕೊಳ್ಳುವ ಸೋಪನ್ನೇ ಉಜ್ಜಿ ಅವನಿಗೆ ಸ್ನಾನ ಮಾಡಿಸಿದೆವು. ಎರಡು ವಾರ ಕಳೆಯುವಷ್ಟರಲ್ಲಿ ಬೆನ್ನಿನ ಮೇಲೆ ಹೊಟ್ಟು ಎದ್ದಿತು. ತಿಂಗಳೆರಡು ಕಳೆಯುವಷ್ಟರಲ್ಲಿ ಕಂಕುಳಿನ ಚರ್ಮ ದಪ್ಪಗಾಗಿ, ಬೂದುಗಪ್ಪು ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿತು. ನೆಕ್ಕಿ ನೆಕ್ಕಿ ಮುಂಗಾಲಿನ ಬೆರಳುಸಂದಿಯ ತಿಳಿಬಣ್ಣದ ಕೂದಲು ತುಕ್ಕು ಹಿಡಿದ ಹಾಗೆ ಕಂಡಿತು.

ಪಶುವೈದ್ಯರು ಪಾರದರ್ಶಕ ಟೇಪಿನ ತುಣುಕೊಂದನ್ನು ಅವನ ಕಂಕುಳಿಗೆ ಒತ್ತಿ ತೆಗೆದು, ಅದಕ್ಕೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಲು ನನ್ನನ್ನು ಕರೆದರು. ನಡು ಸಣ್ಣಗಿರುವ ಶೇಂಗಾಕಾಯಿಯ ಆಕಾರದ ನೇರಳೆ ಕಣಗಳು ಗುಂಪು ಗುಂಪಾಗಿ ಕಂಡವು. ಅದು ಮಲಸೇಜಿಯಾ ಎಂಬ ಈಸ್ಟ್. ಎಲ್ಲ ನಾಯಿಗಳ ಚರ್ಮದ ಮೇಲೂ ಸ್ವಲ್ಪ ಪ್ರಮಾಣದಲ್ಲಿ ಇರುವ ಈ ಜೀವಿ, ಅಲರ್ಜಿಯಿಂದಲೋ ತೇವದಿಂದಲೋ ಚರ್ಮ ಸೋತಾಗ ಲೆಕ್ಕ ಮೀರಿ ಬೆಳೆಯುತ್ತದೆ. ಔಷಧಿಯ ಶ್ಯಾಂಪೂವಿನಿಂದ ವಾರಕ್ಕೆ 2 ಸಲ, 6 ವಾರಗಳ ಕಾಲ ಸ್ನಾನ ಮಾಡಿಸಬೇಕೆಂದು ವೈದ್ಯರು ಬರೆದುಕೊಟ್ಟರು. ಮನೆಗೆ ಬಂದು ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: “ಸ್ನಾನ ಮಾಡಿಸಿ ಮಾಡಿಸಿಯೇ ಇಷ್ಟಾಗಿದೆ, ಇನ್ನೂ ಮಾಡಿಸುವುದೇ?”

ಅಮ್ಮನ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಆರೋಗ್ಯವಾಗಿರುವ ನಾಯಿಗೆ ತಿಂಗಳಿಗೊಂದು ಸ್ನಾನ ಸಾಕೆಂಬ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಈಸ್ಟ್ ಅಥವಾ ಬ್ಯಾಕ್ಟೀರಿಯಾದ ಸೋಂಕಿರುವ ನಾಯಿಗೆ, ಧೂಳು-ಪರಾಗಗಳ ಅಲರ್ಜಿಯಿರುವ ನಾಯಿಗೆ, ಮನೆಯಲ್ಲಿ ಯಾರಿಗಾದರೂ ನಾಯಿಯ ಅಲರ್ಜಿಯಿದ್ದರೆ ಆ ಮನೆಯ ನಾಯಿಗೆ ಪದೇ ಪದೇ ಸ್ನಾನ ಬೇಕಾಗುತ್ತದೆ. ಪ್ರಾಣಿಗಳ ಅಲರ್ಜಿ ರೋಗಗಳ ಕುರಿತ ಅಂತರರಾಷ್ಟ್ರೀಯ ಸಮಿತಿಯು 2010ರಲ್ಲಿ ಹೊರತಂದು 2015ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಅಲರ್ಜಿಯ ನಾಯಿಗಳ ಆರೈಕೆಯಲ್ಲಿ ಸೌಮ್ಯ ಶ್ಯಾಂಪೂವಿನ ಸ್ನಾನಕ್ಕೂ ಸ್ಥಾನ ಕೊಟ್ಟಿದೆ. ಭೈರನ ಚರ್ಮವನ್ನು ಕೆಡಿಸಿದ್ದು ಸ್ನಾನದ ಲೆಕ್ಕಕ್ಕಿಂತ ಹೆಚ್ಚಾಗಿ ನಾವು ಹಚ್ಚಿದ ಸೋಪು, ಪೂರ್ತಿ ತೊಳೆಯದೆ ಉಳಿಸಿದ ನೊರೆ ಮತ್ತು ಆರಿಸದೆ ಬಿಟ್ಟ ತೇವ ಎಂಬುದು ಆಮೇಲಿನ ಆರು ವಾರಗಳಲ್ಲಿ ನಮಗೆ ಮನದಟ್ಟಾಯಿತು. ಅದೇ ನಾಯಿಗೆ, ಅದೇ ಬಚ್ಚಲಿನಲ್ಲಿ, ವಾರಕ್ಕೆರಡು ಸಲ ಸ್ನಾನ ಮಾಡಿಸಿದರೂ ಈ ಬಾರಿ ಕೂದಲು ಮಿರುಗತೊಡಗಿತು. ಆ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ನಾಯಿಯ ಚರ್ಮ ಮತ್ತು ನಮ್ಮ ಸೋಪು

ಮನುಷ್ಯರ ಹೊರಚರ್ಮದಲ್ಲಿ ಜೀವಕೋಶಗಳ 10ರಿಂದ 15 ಪದರಗಳಿದ್ದರೆ, ಕೂದಲಿನಿಂದ ಮುಚ್ಚಿರುವ ನಾಯಿಯ ಹೊರಚರ್ಮದಲ್ಲಿ ಸಾಮಾನ್ಯವಾಗಿ 3ರಿಂದ 5 ಪದರಗಳಷ್ಟೇ ಇರುತ್ತವೆ. ಇಷ್ಟು ತೆಳುವಾದ ಚರ್ಮವನ್ನು ಕಾಯುವುದು ಕೂದಲು ಮತ್ತು ಕೂದಲಿನ ಬುಡದ ಗ್ರಂಥಿಗಳು ಒಸರುವ ಜಿಡ್ಡು. ಆ ಜಿಡ್ಡೇ ಕೂದಲಿಗೆ ಹೊಳಪನ್ನು ಕೊಡುತ್ತದೆ, ಚರ್ಮದೊಳಗಿನ ತೇವಾಂಶ ಹೊರಗೆ ಆರಿಹೋಗದಂತೆ ತಡೆಯುತ್ತದೆ. ಚರ್ಮದ ಮೇಲ್ಪದರ ಪೂರ್ತಿ ಹೊಸದಾಗಲು ಸುಮಾರು 3 ವಾರ ಬೇಕು. ಆದ್ದರಿಂದ ಒಮ್ಮೆ ಕೆಡಿಸಿದ ಚರ್ಮ ನಾಲ್ಕು ದಿನದಲ್ಲಿ ಸರಿಹೋಗಲೆಂದು ನಿರೀಕ್ಷಿಸಬಾರದು.

ಮನುಷ್ಯರ ಚರ್ಮ ಸ್ವಲ್ಪ ಆಮ್ಲೀಯ, ಅದರ ಪಿಎಚ್ ಸುಮಾರು 5.5ರ ಆಸುಪಾಸಿನಲ್ಲಿರುತ್ತದೆ. ನಾಯಿಯ ಚರ್ಮ ಹೆಚ್ಚಾಗಿ ತಟಸ್ಥಕ್ಕೆ, ಅಂದರೆ 7ಕ್ಕೆ, ಹತ್ತಿರವಿರುತ್ತದೆ. ತಳಿಯಿಂದ ತಳಿಗೆ, ಮೈಯ ಭಾಗದಿಂದ ಭಾಗಕ್ಕೆ ಇದು ಬದಲಾಗುವುದೂ ಉಂಟು. ನಾವು ಮೈಗೆ ಬಳಸುವ ಸಾಮಾನ್ಯ ಬಿಲ್ಲೆ ಸೋಪಿನ ಪಿಎಚ್ 9ರಿಂದ 10. ಬಟ್ಟೆ ಸೋಪು ಅದಕ್ಕಿಂತಲೂ ಖಾರ. ಇಂಥ ಸೋಪು ಕೊಳೆಯ ಜೊತೆಗೆ ಚರ್ಮದ ಜಿಡ್ಡನ್ನೂ ಎತ್ತಿಕೊಂಡು ಹೋಗುತ್ತದೆ. ಗಡಸು ನೀರಿನಲ್ಲಂತೂ ಸೋಪು ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಜೊತೆ ಸೇರಿ ಬಿಳಿಯ ಪೊರೆಯಾಗಿ ಕೂದಲಿಗೆ ಅಂಟುತ್ತದೆ. ಬಚ್ಚಲಿನ ಬಕೆಟ್ಟಿನ ಒಳಗೋಡೆಗೆ ಕಟ್ಟುವ ಆ ಪೊರೆಯೇ ನಾಯಿಯ ಕೂದಲಿಗೂ ಕಟ್ಟುತ್ತದೆಂದರೆ ಕೂದಲು ಏಕೆ ಒರಟಾಗುತ್ತದೆಂಬುದು ತಿಳಿಯುತ್ತದೆ. ಮಕ್ಕಳ ಶ್ಯಾಂಪೂ ಸೌಮ್ಯವಾಗಿರುವುದರಿಂದ ತುರ್ತಿಗೆ ಒಂದು ಸಲ ನಡೆದೀತು; ವಾರಕ್ಕೆರಡು ಸಲದ ಸ್ನಾನಕ್ಕೆ ನಾಯಿಗಾಗಿಯೇ ಮಾಡಿದ, ಸೋಪಿನ ಅಂಶವಿಲ್ಲದ, ಪರಿಮಳ ಕಡಿಮೆಯಿರುವ ಶ್ಯಾಂಪೂವನ್ನೇ ಕೊಳ್ಳಬೇಕು. ಲೇಬಲ್ಲಿನಲ್ಲಿ ಓಟ್ಸ್, ಗ್ಲಿಸರಿನ್, ಸೆರಮೈಡ್ ಇವುಗಳಲ್ಲಿ ಒಂದಾದರೂ ಇದ್ದರೆ ಒಳ್ಳೆಯದು.

ನಮ್ಮ ಕಡೆಯ ಮನೆಗಳಲ್ಲಿ ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು ಸುಲಭವಾಗಿ ಸಿಗುವುದರಿಂದ ಅವುಗಳ ಬಗ್ಗೆಯೂ ಹೇಳಬೇಕು. ಅಂಟುವಾಳದ ನೊರೆ ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ಎಷ್ಟು ನೆನೆಸಿದರೆ ಎಷ್ಟು ಖಾರವಾಗುತ್ತದೆಂಬುದಕ್ಕೆ ಅಳತೆಯಿಲ್ಲ. ಕಣ್ಣಿಗೆ ಬಿದ್ದರೆ ವಿಪರೀತ ಉರಿಯುತ್ತದೆ. ಸೀಗೆಪುಡಿ ಮತ್ತು ಕಡಲೆಹಿಟ್ಟು ಒಳಗೂದಲಿನಲ್ಲಿ ಸಿಕ್ಕಿಕೊಂಡು ತೊಳೆದಷ್ಟೂ ಉಳಿಯುತ್ತವೆ, ತೇವ ಸೇರಿದರೆ ಹುಳಿಯುತ್ತವೆ. ನಿಂಬೆರಸ ಗೀರಿದ ಚರ್ಮಕ್ಕೆ ಉರಿ. ಇವನ್ನೆಲ್ಲ ಹಿರಿಯರು ಪ್ರೀತಿಯಿಂದಲೇ ಬಳಸಿದ್ದಾರೆ, ವರ್ಷಕ್ಕೆ ನಾಲ್ಕು ಸ್ನಾನದ ಕಾಲದಲ್ಲಿ ಅದರಿಂದ ಹೆಚ್ಚಿನ ತೊಂದರೆಯೂ ಆಗಿರಲಿಕ್ಕಿಲ್ಲ. ಪದೇ ಪದೇ ಮಾಡಿಸುವ ಸ್ನಾನಕ್ಕೆ ಮಾತ್ರ ಅವು ಹೊಂದುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಕೆಲವನ್ನು ಒಂದು ಸಲವೂ ಬಳಸಬಾರದು. ನೆಲ ಒರೆಸುವ ಫಿನಾಯಿಲ್ ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ವಿಷ. ನೀರಿಗೆ ಹಾಕಿದೊಡನೆ ಬೆಳ್ಳಗಾಗುವ, ಗಾಯ ತೊಳೆಯುವ ಆಂಟಿಸೆಪ್ಟಿಕ್ ದ್ರಾವಣವನ್ನು ಸ್ನಾನದ ನೀರಿಗೆ ಒಂದು ಮುಚ್ಚಳ ಬೆರೆಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದೂ ನಾಯಿಯ ಚರ್ಮಕ್ಕೆ ಒಗ್ಗುವಂಥದಲ್ಲ. ಟೀ ಟ್ರೀ ಎಣ್ಣೆ ನಾಯಿಗಳಿಗೆ ವಿಷಕಾರಿ. ದನಕರುಗಳ ಉಣುಗಿಗೆಂದು ಕೊಟ್ಟಿಗೆಯಲ್ಲಿ ಇಟ್ಟಿರುವ ಔಷಧಿಯನ್ನು ಅಂದಾಜಿನ ಮೇಲೆ ನಾಯಿಯ ಮೈಗೆ ಸುರಿಯುವುದಂತೂ ಬಹಳ ಅಪಾಯದ ಕೆಲಸ.

ಔಷಧಿಯ ಶ್ಯಾಂಪೂಗಳಲ್ಲಿ ಹೆಚ್ಚಾಗಿ ಬರೆದುಕೊಡುವುದು ಶೇಕಡಾ 2ರಿಂದ 4ರಷ್ಟು ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಇರುವುದನ್ನು, ಅಥವಾ ಅದರ ಜೊತೆಗೆ ಶೇಕಡಾ 2ರಷ್ಟು ಮೈಕೊನಜೋಲ್ ಎಂಬ ಈಸ್ಟ್ ನಾಶಕ ಸೇರಿರುವುದನ್ನು. ಕ್ಲೋರ್‌ಹೆಕ್ಸಿಡಿನ್ ಸಾಮಾನ್ಯ ಸೋಪಿನ ಜೊತೆ ಸೇರಿದರೆ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮೊದಲು ಸೋಪಿನಿಂದ ತೊಳೆದು ಆಮೇಲೆ ಔಷಧಿ ಹಚ್ಚಿದರೆ ದುಡ್ಡೂ ಹೋಯಿತು, ಗುಣವೂ ಆಗಲಿಲ್ಲ ಎಂಬಂತಾಗುತ್ತದೆ. ಅದು ಕಣ್ಣಿಗೆ ಹಾನಿ ಮಾಡುವುದರಿಂದಲೂ, ತಮಟೆ ಹರಿದ ಕಿವಿಯೊಳಗೆ ಹೋದರೆ ಕಿವುಡಾಗಿಸಬಹುದಾದ್ದರಿಂದಲೂ ಮುಖದ ಬಳಿ ತರಬಾರದು. ಬೆನ್ಜಾಯಿಲ್ ಪೆರಾಕ್ಸೈಡ್, ಗಂಧಕ ಮುಂತಾದವು ಚರ್ಮವನ್ನು ಇನ್ನಷ್ಟು ಒಣಗಿಸುವ ಗುಣದವು. ವೈದ್ಯರು ಹೇಳದೆ ಅವನ್ನು ಮುಟ್ಟುವುದು ಬೇಡ.

ನೀರು

ಮಲೆನಾಡಿನ ಬಚ್ಚಲಲ್ಲಿ ಹಂಡೆ ತುಂಬ ಕುದಿಯುವ ನೀರು ಸದಾ ಇರುತ್ತದೆ, ಜಡಿಮಳೆಯ ದಿನ ನಾಯಿ ನಡುಗುತ್ತಿದ್ದರೆ ಬಿಸಿ ಬಿಸಿಯಾಗಿ ಎರೆಯೋಣವೆಂದು ಮನಸ್ಸಾಗುತ್ತದೆ. ಬಿಸಿನೀರು ಜಿಡ್ಡನ್ನು ಬೇಗ ಕರಗಿಸಿ ಒಯ್ಯುತ್ತದೆ, ತುರಿಕೆಯನ್ನು ಕೆರಳಿಸುತ್ತದೆ. ಮಣಿಕಟ್ಟಿನ ಒಳಬದಿಗೆ ಹಾಕಿಕೊಂಡರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು, ಅಷ್ಟೇ ಹದ. ತುರಿಕೆ ಜಾಸ್ತಿಯಿರುವ ನಾಯಿಗೆ, ಬೇಸಿಗೆಯಲ್ಲಿ, ಅದಕ್ಕಿಂತಲೂ ತುಸು ತಂಪಾದ ನೀರೇ ಹಿತ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ, ಬೆಂಗಳೂರಿನಲ್ಲಿ ಕಾವೇರಿ ನೀರು ತಲುಪದ ಬಡಾವಣೆಗಳಲ್ಲಿ ಬೋರ್‌ವೆಲ್ಲಿನ ಗಡಸು ನೀರೇ ಗತಿಯಾಗಿರುತ್ತದೆ. ಅಂಥ ಕಡೆ ಸ್ನಾನವೆಲ್ಲ ಆ ನೀರಿನಲ್ಲೇ ಆಗಲಿ, ಆದರೆ ಕೊನೆಯ ಒಂದೆರಡು ಕೊಡ ನೀರು ಹಿಡಿದಿಟ್ಟ ಮಳೆನೀರೋ ಫಿಲ್ಟರಿನ ನೀರೋ ಆಗಿದ್ದರೆ ಕೂದಲಿನ ಮೇಲೆ ಉಪ್ಪಿನಂಶ ಉಳಿಯುವುದು ಕಡಿಮೆಯಾಗುತ್ತದೆ. ನಮ್ಮಲ್ಲಿ ಹಂಚಿನ ಮಾಡಿನಿಂದ ಇಳಿಯುವ ಮಳೆನೀರನ್ನು ಡ್ರಮ್ಮಿಗೆ ಹಿಡಿದು ಬಟ್ಟೆಯಲ್ಲಿ ಸೋಸಿ ಬಳಸುತ್ತೇವೆ.

ಸ್ನಾನಕ್ಕೆ ಮುಂಚೆ

ಮೊದಲ ಕೆಲಸ ಬಾಚುವುದು. ಒದ್ದೆಯಾದೊಡನೆ ಸಿಕ್ಕು ಬಿಗಿದುಕೊಳ್ಳುತ್ತದೆ, ಆ ಗಂಟಿನ ಒಳಗೆ ಶ್ಯಾಂಪೂ ಹೋಗುವುದೂ ಇಲ್ಲ, ಹೋದದ್ದು ಹೊರಗೆ ಬರುವುದೂ ಇಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೆರೇನಿಯನ್ ಮುಂತಾದ ನಾಯಿಗಳಲ್ಲಿ ಮೇಲಿನ ಉದ್ದ ಕೂದಲಿನ ಅಡಿಯಲ್ಲಿ ಹತ್ತಿಯಂಥ ಒಳಗೂದಲಿನ ಪದರವೊಂದಿರುತ್ತದೆ. ಉದುರಿ ಅಲ್ಲೇ ಸಿಕ್ಕಿಕೊಂಡ ಒಳಗೂದಲನ್ನು ಒಣಗಿರುವಾಗಲೇ ಬಾಚಿ ತೆಗೆದರೆ ಸ್ನಾನದ ಹೊತ್ತು ಅರ್ಧಕ್ಕಿಳಿಯುತ್ತದೆ. ಬಾಚುವಾಗಲೇ ಕಿವಿಯ ಹಿಂದೆ, ಕತ್ತುಪಟ್ಟಿಯ ಅಡಿಯಲ್ಲಿ, ಬೆರಳುಸಂದಿಯಲ್ಲಿ ಉಣುಗು, ಇಂಬಳ ಇವೆಯೇ ಎಂದು ನೋಡಬೇಕು. ಪಟ್ಟಿಯನ್ನು ಬಿಚ್ಚಿ ಇಡಬೇಕು.

ನುಣುಪಾದ ನೆಲದ ಮೇಲೆ ಕಾಲು ಜಾರುವುದೇ ಬಹಳಷ್ಟು ನಾಯಿಗಳ ಸ್ನಾನದ ಹೆದರಿಕೆಗೆ ಮೂಲ. ಒದ್ದೆ ಮಾಡಿದ ಗೋಣಿಚೀಲವೊಂದನ್ನು ಕಾಲಡಿಗೆ ಹಾಸಿದ ದಿನದಿಂದ ಭೈರ ಬಚ್ಚಲಿಗೆ ತಾನಾಗಿಯೇ ಬಂದು ನಿಲ್ಲುತ್ತಾನೆ. ಕಿವಿಗೆ ನೀರು ಹೋಗದಂತೆ ಹತ್ತಿಯ ಉಂಡೆಯೊಂದನ್ನು ಹೊರಗಿನಿಂದ ಸಡಿಲವಾಗಿ ಇಡಬಹುದು, ತುರುಕಬಾರದು. ಸ್ನಾನ ಮುಗಿದೊಡನೆ ನೆನಪಿನಿಂದ ತೆಗೆಯಬೇಕು.

ಸ್ನಾನ

ಲ್ಯಾಬ್ರಡಾರಿನ ಕೂದಲು ಕೆಸುವಿನ ಎಲೆಯ ಹಾಗೆ ನೀರನ್ನು ಜಾರಿಸಿಬಿಡುತ್ತದೆ. ಎರಡು ತಂಬಿಗೆ ಸುರಿದಾಗ ಮೈಯೆಲ್ಲ ತೊಯ್ದಂತೆ ಕಂಡರೂ ಕೂದಲನ್ನು ಸರಿಸಿ ನೋಡಿದರೆ ಬುಡ ಒಣಗಿಯೇ ಇರುತ್ತದೆ. ಒಂದು ಕೈಯಲ್ಲಿ ನೀರು ಹಾಕುತ್ತ ಇನ್ನೊಂದು ಕೈಯ ಬೆರಳುಗಳಿಂದ ಕೂದಲನ್ನು ಬಿಡಿಸುತ್ತ 4-5 ನಿಮಿಷ ತೋಯಿಸಿದ ಮೇಲೆಯೇ ಚರ್ಮಕ್ಕೆ ನೀರು ಮುಟ್ಟುತ್ತದೆ. ಚೆನ್ನಾಗಿ ತೊಯ್ದ ಮೈಗೆ ಶ್ಯಾಂಪೂ ಅರ್ಧದಷ್ಟು ಸಾಕು.

ಶ್ಯಾಂಪೂವನ್ನು ಶೀಸೆಯಿಂದ ನೇರವಾಗಿ ಬೆನ್ನಿಗೆ ಸುರಿದರೆ ಸುರಿದಲ್ಲೇ ಗಟ್ಟಿಯಾಗಿ ಕೂತು ಆ ಜಾಗವನ್ನೇ ಕೆರಳಿಸುತ್ತದೆ. ಸಾಮಾನ್ಯ ಶ್ಯಾಂಪೂವಾದರೆ ಒಂದು ಪಾಲಿಗೆ ಸುಮಾರು 10 ಪಾಲು ನೀರು ಬೆರೆಸಿ ಮಗ್ಗಿನಲ್ಲಿ ಕದಡಿ, ಸ್ಪಂಜಿನಿಂದ ಹಚ್ಚಬೇಕು. ಔಷಧಿಯ ಶ್ಯಾಂಪೂವಿಗೆ ಲೇಬಲ್ ಅಥವಾ ವೈದ್ಯರು ಹೇಳಿದ ಅಳತೆಯೇ ಅಳತೆ. ತೀರ ತೆಳುವಾದರೆ ಅದು ಕೆಲಸ ಮಾಡುವುದಿಲ್ಲ. ಮೈ ಕೆಸರಾಗಿದ್ದರೆ ಮೊದಲು ಸೌಮ್ಯ ಶ್ಯಾಂಪೂವಿನಿಂದ ಒಂದು ಸಲ ತೊಳೆದು ಪೂರ್ತಿ ನೀರು ಹಾಕಿ, ಆಮೇಲೆ ಔಷಧಿಯದನ್ನು ಹಚ್ಚಬೇಕು. ಎಲ್ಲಿ ರೋಗ ಹೆಚ್ಚಿದೆಯೋ ಅಲ್ಲಿಂದ, ಭೈರನಿಗಾದರೆ ಕಂಕುಳು, ತೊಡೆಸಂದು ಮತ್ತು ಬೆರಳುಸಂದಿಗಳಿಂದ, ಶುರುಮಾಡಿದರೆ ಅಲ್ಲಿ ಔಷಧಿ ಹೆಚ್ಚು ಹೊತ್ತು ನಿಲ್ಲುತ್ತದೆ. ಉಗುರು ತಾಗಿಸದೆ, ಬೆರಳ ತುದಿಗಳಿಂದ, ಕೂದಲು ಬೆಳೆದ ದಿಕ್ಕಿನಲ್ಲೇ ಸವರಬೇಕು. ಮುಖಕ್ಕೆ ಬರೀ ಒದ್ದೆ ಬಟ್ಟೆ ಸಾಕು.

ಔಷಧಿಯ ನೊರೆ ಮೈಮೇಲೆ 10 ನಿಮಿಷ ಇರಬೇಕು. ಈ ಹತ್ತು ನಿಮಿಷವನ್ನು ಮೈಯೆಲ್ಲ ಹಚ್ಚಿ ಮುಗಿಸಿದ ಕ್ಷಣದಿಂದ ಎಣಿಸಬೇಕು, ಅದೂ ಗಡಿಯಾರ ನೋಡಿಕೊಂಡೇ ಎಣಿಸಬೇಕು, ಏಕೆಂದರೆ ಒದ್ದೆ ನಾಯಿಯನ್ನು ಹಿಡಿದು ಕೂತವರಿಗೆ ಮೂರು ನಿಮಿಷವೇ ಹತ್ತರಂತೆ ತೋರುತ್ತದೆ. ಹೆಚ್ಚಿನ ಮನೆಗಳಲ್ಲಿ “ಶ್ಯಾಂಪೂ ಹಾಕಿದರೂ ವಾಸಿಯಾಗಲಿಲ್ಲ” ಎನ್ನುವುದಕ್ಕೆ ಈ ಹತ್ತು ನಿಮಿಷ ಪೂರ್ತಿಯಾಗದಿರುವುದೇ ಕಾರಣವೆಂದು ನಮ್ಮ ವೈದ್ಯರು ಹೇಳುತ್ತಾರೆ. ಆ ಹೊತ್ತಿನಲ್ಲಿ ನಾಯಿ ನೊರೆಯನ್ನು ನೆಕ್ಕದಂತೆ ನೋಡಿಕೊಳ್ಳಬೇಕು. ಬೇಯಿಸಿದ ಸಿಹಿಗುಂಬಳದ ಹೋಳುಗಳನ್ನು ತಟ್ಟೆಯಲ್ಲಿ ಇಟ್ಟುಕೊಂಡು ಒಂದೊಂದಾಗಿ ಕೊಡುವುದು ನಮ್ಮ ಉಪಾಯ. ಚಳಿ ಹೆಚ್ಚಿದ್ದರೆ ಬಚ್ಚಲ ಬಾಗಿಲು ಹಾಕಿ, ಗಾಳಿ ಬೀಸದಂತೆ ಮಾಡಬೇಕು.

ಇನ್ನು ನೊರೆ ತೆಗೆಯುವುದು. ಇಡೀ ಸ್ನಾನದಲ್ಲಿ ಚರ್ಮವನ್ನು ಉಳಿಸುವ ಅಥವಾ ಕೆಡಿಸುವ ಕೆಲಸ ಇದೊಂದೇ ಎಂದರೂ ತಪ್ಪಾಗದು. ಹಚ್ಚಲು ಎಷ್ಟು ಹೊತ್ತು ಬೇಕಾಯಿತೋ ಅದರ ಎರಡರಷ್ಟು ಹೊತ್ತು ತೊಳೆಯಬೇಕು. ಬೆನ್ನಿನಿಂದ ಜಾರುವ ನೊರೆಯೆಲ್ಲ ಎದೆಯ ಅಡಿಗೆ, ಹೊಟ್ಟೆಯ ಮಧ್ಯಕ್ಕೆ, ಕಂಕುಳಿಗೆ, ತೊಡೆಸಂದಿಗೆ ಹೋಗಿ ನಿಲ್ಲುತ್ತದೆ. ಮೇಲಿನಿಂದ ಎಷ್ಟು ನೀರು ಸುರಿದರೂ ಅಲ್ಲಿಗೆ ತಲುಪುವುದಿಲ್ಲ. ನಾಯಿಯ ಹೊಟ್ಟೆಯ ಕೆಳಗೆ ಕೈಯೊಡ್ಡಿ, ಅಂಗೈಯಿಂದ ನೀರನ್ನು ಮೇಲಕ್ಕೆ ಚಿಮ್ಮಿಸಿ ತೊಳೆಯಬೇಕು, ಪಾದಗಳನ್ನು ಒಂದೊಂದಾಗಿ ನೀರು ತುಂಬಿದ ಮಗ್ಗಿನಲ್ಲಿ ಅದ್ದಿ ಬೆರಳುಗಳನ್ನು ಬಿಡಿಸಬೇಕು. ಮೂರನೆಯ ಸ್ನಾನದ ದಿನ ಕರೆಂಟು ಹೋಗಿ ಕತ್ತಲಲ್ಲಿ ಅವಸರದಿಂದ ಮುಗಿಸಿದ್ದಕ್ಕೆ ಮರುದಿನ ಬೆಳಿಗ್ಗೆ ಭೈರನ ಹೊಟ್ಟೆಯ ಮೇಲೆ ಅಂಗೈ ಅಗಲದ ಕೆಂಪು ಗಂಧೆಗಳೆದ್ದಿದ್ದವು. ಅಂದಿನಿಂದ ಹೊಟ್ಟೆಯಿಂದ ಇಳಿಯುವ ನೀರನ್ನು ಸ್ಟೀಲಿನ ಬಟ್ಟಲಿನಲ್ಲಿ ಹಿಡಿದು ನೋಡುತ್ತೇನೆ. ಬಟ್ಟಲಿನ ತಳ ನಿಚ್ಚಳವಾಗಿ ಕಾಣುವವರೆಗೂ, ಗುಳ್ಳೆಯೊಂದೂ ತೇಲದಿರುವವರೆಗೂ ತೊಳೆಯುವುದನ್ನು ನಿಲ್ಲಿಸುವುದಿಲ್ಲ.

ಕೊನೆಗೆ ನಾಯಿಗಳ ಕಂಡೀಷನರ್. ಪದೇ ಪದೇ ಸ್ನಾನ ಮಾಡಿಸುವವರು ಇದನ್ನು ಬಿಡಬಾರದು. ಶ್ಯಾಂಪೂ ಒಯ್ದ ಜಿಡ್ಡಿನ ಜಾಗವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುವುದು ಇದೇ. ಓಟ್ಸ್ ಅಥವಾ ಗ್ಲಿಸರಿನ್ ಇರುವ, ತೊಳೆಯದೆ ಬಿಡುವಂಥ ಸ್ಪ್ರೇ ಆದರೆ ಔಷಧಿಯ ಪರಿಣಾಮವೂ ತೊಳೆದುಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಮಲಸೇಜಿಯಾ ಕೊಬ್ಬಿನಂಶವನ್ನು ಉಂಡು ಬೆಳೆಯುವ ಜೀವಿಯಾದ್ದರಿಂದ ಈಸ್ಟ್ ಸೋಂಕಿರುವ ನಾಯಿಗೆ ಎಣ್ಣೆ ಹಚ್ಚಬಾರದು. ಸೋಂಕಿಲ್ಲದ, ಬರೀ ಒಣಗಿದ ಮೂಗು ಮೊಣಕೈಗಳಿಗೆ ಒಂದೆರಡು ಹನಿ ಸವರಿದರೆ ಅಡ್ಡಿಯಿಲ್ಲ.

ಆರಿಸುವುದು

ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಒಳಗೂದಲಿನ ನಾಯಿ ತಾನಾಗಿ ಒಣಗೀತೇ? ಬುಡದಲ್ಲಿ ತೇವ ಉಳಿದರೆ ಒಂದೇ ರಾತ್ರಿಯಲ್ಲಿ ಕೆನ್ನೆಯ ಬಳಿಯೋ ಸೊಂಟದ ಮೇಲೋ ಕೂದಲು ಅಂಟಿಕೊಂಡು, ಅಡಿಯಲ್ಲಿ ಕೆಂಪಗೆ ಹಸಿಯಾದ ಹುಣ್ಣು ಏಳಬಹುದು. ಮುಟ್ಟಿದರೆ ನಾಯಿ ಕುಂಯ್ಗುಟ್ಟುತ್ತದೆ. ಇಂಗ್ಲಿಷಿನಲ್ಲಿ ಹಾಟ್ ಸ್ಪಾಟ್ ಎನ್ನುವ ಈ ಹುಣ್ಣು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ನಂಥ ದಟ್ಟ ಕೂದಲಿನ ನಾಯಿಗಳಲ್ಲಿ ಹೆಚ್ಚು.

ಟವೆಲ್ಲಿನಿಂದ ಉಜ್ಜದೆ, ಒತ್ತಿ ಒತ್ತಿ ನೀರು ಹೀರಿಸಬೇಕು. ಮೆತ್ತಗಾದ ಹಳೆಯ ಪಂಚೆ ಹೊಸ ಟವೆಲ್ಲಿಗಿಂತ ಚೆನ್ನಾಗಿ ನೀರನ್ನು ಕುಡಿಯುತ್ತದೆ. ನಮಗೆ ಮೂರು ಬೇಕಾಗುತ್ತವೆ. ಆಮೇಲೆ ಹೇರ್ ಡ್ರೈಯರನ್ನು ತಣ್ಣನೆಯ ಗಾಳಿಗೆ ಇಟ್ಟು, ಒಂದಡಿ ದೂರದಿಂದ, ಕೂದಲನ್ನು ಬೆರಳಿನಿಂದ ಬಿಡಿಸುತ್ತ ಬುಡದವರೆಗೆ ಒಣಗಿಸಬೇಕು. ಬಿಸಿಗಾಳಿ ಬಿಸಿನೀರಿನಷ್ಟೇ ಕೆಟ್ಟದ್ದು. ಡ್ರೈಯರಿನ ಸದ್ದಿಗೆ ಹೆದರುವ ನಾಯಿಯನ್ನು ಫ್ಯಾನಿನ ಅಡಿಯಲ್ಲಿ ಒಣ ಕಂಬಳಿಯ ಮೇಲೆ ಮಲಗಿಸಿ, ಅರ್ಧ ಗಂಟೆಗೊಮ್ಮೆ ಕೂದಲನ್ನು ಎದುರು ದಿಕ್ಕಿಗೆ ಸರಿಸಿ ನೋಡಬೇಕು. ಬಚ್ಚಲ ಒಲೆಯ ಮುಂದೆ ಕಟ್ಟಿಹಾಕುವುದು ಬೇಡ. ಕಿವಿಯ ಹೊರಭಾಗವನ್ನೂ ಬೆರಳುಸಂದಿಗಳನ್ನೂ ಬೇರೆ ಒಣ ಬಟ್ಟೆಯಿಂದ ಒರೆಸಬೇಕು. ಸ್ನಾನವಾದ ಮರುದಿನ ನಾಯಿ ತಲೆ ಕೊಡವುತ್ತಿದ್ದರೆ ಕಿವಿಗೆ ನೀರು ಹೋಗಿದೆಯೆಂದು ತಿಳಿದು ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಮಗ್ಗಿನಲ್ಲಿ ಮಿಕ್ಕಿದ ಶ್ಯಾಂಪೂ ನೀರು

ನೀರು ಬೆರೆಸಿದ ಶ್ಯಾಂಪೂ ಮಿಕ್ಕರೆ ಚೆಲ್ಲಿಬಿಡಬೇಕು. ಹಾಳುಮಾಡುವುದೇಕೆಂದು ಮುಂದಿನ ಸ್ನಾನಕ್ಕೆ ಎತ್ತಿಟ್ಟರೆ ಆ ನೀರಿನಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದನ್ನು ಕೂದಲಿನ ಎದುರು ದಿಕ್ಕಿಗೆ ಬಲವಾಗಿ ಉಜ್ಜಿದಾಗ ಕೂದಲಿನ ಬುಡದ ಸಣ್ಣ ರಂಧ್ರಗಳೊಳಗೆ ಸೋಂಕು ಇಳಿಯುತ್ತದೆ. ಸ್ನಾನವಾದ ಒಂದೆರಡು ದಿನಗಳಲ್ಲಿ ಬೆನ್ನಿನ ಮೇಲೆ ಕೈಯಿಟ್ಟರೆ ನಾಯಿ ಚೀರುತ್ತದೆ, ಜ್ವರ ಬರುತ್ತದೆ, ಊಟ ಬಿಡುತ್ತದೆ. ಬೆನ್ನುಮೂಳೆಯುದ್ದಕ್ಕೂ ರಕ್ತ ತುಂಬಿದ ಗುಳ್ಳೆಗಳು ಕಾಣುತ್ತವೆ. ಇದು ಅಪರೂಪವಾದರೂ ತೀವ್ರವಾದ ಸೋಂಕು, ಬೆನ್ನುನೋವೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯೂ ಇದೆ. ಇಂಥ ಸೂಚನೆ ಕಂಡರೆ ಅಂದೇ ಪಶುವೈದ್ಯರ ಬಳಿಗೆ ಹೋಗಿ, ಸ್ನಾನ ಮಾಡಿಸಿ ಎಷ್ಟು ದಿನವಾಯಿತೆಂಬುದನ್ನು ಮರೆಯದೆ ಹೇಳಬೇಕು.

ಉಣುಗಿನ ಔಷಧಿ, ತೋಟದ ಔಷಧಿ

ಹೆಗಲ ನಡುವೆ ಹನಿಸುವ ಫಿಪ್ರೊನಿಲ್‌ನಂಥ ಉಣುಗಿನ ಔಷಧಿ ಚರ್ಮದ ಜಿಡ್ಡಿನ ಮೂಲಕವೇ ಮೈಯೆಲ್ಲ ಹರಡುತ್ತದೆ. ಹನಿಸುವ ಎರಡು ದಿನ ಮುಂಚೆ ಮತ್ತು ಹನಿಸಿದ ಎರಡು ದಿನ ಸ್ನಾನ ಮಾಡಿಸಬಾರದು. ವಾರಕ್ಕೆರಡು ಸಲ ಶ್ಯಾಂಪೂ ಹಾಕುವ ಮನೆಯಲ್ಲಿ ಈ ಔಷಧಿ ತಿಂಗಳು ಪೂರ್ತಿ ಕಾಯುತ್ತದೆಂದು ನಂಬುವಂತಿಲ್ಲ. ಉಣುಗಿನಿಂದ ಬರುವ ಜ್ವರ ನಮ್ಮಲ್ಲಿ ನಾಯಿಗಳ ಜೀವ ತೆಗೆಯುವ ರೋಗವಾದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನುಂಗಿಸುವ ಮಾತ್ರೆಗಳಿವೆ: ಅಫಾಕ್ಸೊಲೇನರ್ ಒಂದು ತಿಂಗಳು, ಫ್ಲುರಾಲೇನರ್ ಸುಮಾರು 12 ವಾರ ಕೆಲಸ ಮಾಡುತ್ತವೆ, ಸ್ನಾನದಿಂದ ಅವುಗಳ ಗುಣ ಕುಂದುವುದಿಲ್ಲ. ಫಿಟ್ಸ್ ಬರುವ ನಾಯಿಗೆ ಮಾತ್ರ ಈ ಗುಂಪಿನ ಮಾತ್ರೆಗಳು ಅಪಾಯ ತರಬಹುದು, ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು.

ಅಡಿಕೆ ತೋಟವಿರುವವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ದಿನಗಳಲ್ಲಿ ಅಡಿಕೆ ಗೊನೆಯಿಂದ ತೊಟ್ಟಿಕ್ಕುವ ನೀಲಿ ದ್ರಾವಣ ಮರದ ಬುಡದಲ್ಲಿ ಓಡಾಡುವ ನಾಯಿಯ ಬೆನ್ನಿಗೆ ಬೀಳುತ್ತದೆ. ಅದು ಮೈಲುತುತ್ತ ಮತ್ತು ಸುಣ್ಣ. ನೆಕ್ಕಿದರೆ ವಾಂತಿಯಾಗುತ್ತದೆ, ಹೊಟ್ಟೆ ಕೆಡುತ್ತದೆ. ಅಂದು ಸ್ನಾನದ ಸರದಿಯಿರಲಿ ಇಲ್ಲದಿರಲಿ, ಮನೆಗೆ ಬಂದೊಡನೆ ಹೇರಳವಾಗಿ ನೀರು ಹಾಕಿ ತೊಳೆಯಲೇಬೇಕು. ಸಿಂಪಡಣೆ ನಡೆಯುವಷ್ಟು ದಿನ ನಾಯಿಯನ್ನು ಕಟ್ಟಿಹಾಕುವುದು ಇನ್ನೂ ಉತ್ತಮ.

ಎರಡು ಸ್ನಾನಗಳ ನಡುವೆ

ದಿನವೂ ಕೆಸರಾಗುವ ನಾಯಿಗೆ ದಿನವೂ ಶ್ಯಾಂಪೂ ಬೇಡ. ಸಂಜೆ ಕಾಲು ಮತ್ತು ಹೊಟ್ಟೆಗೆ ಬರೀ ನೀರು ಹಾಕಿ, ಬೆರಳುಸಂದಿಗಳನ್ನು ಒರೆಸಿ ಒಣಗಿಸಿದರೆ ಸಾಕು. ಸ್ನಾನದ ಲೆಕ್ಕವೆಂದರೆ ಶ್ಯಾಂಪೂ ಹಾಕಿದ ದಿನಗಳ ಲೆಕ್ಕ. ಭೈರನಿಗೆ 6 ವಾರ ವಾರಕ್ಕೆ 2 ಸಲ ಮಾಡಿಸಿದ ಮೇಲೆ ವಾಸನೆ ಹೋಯಿತು, ಟೇಪಿನ ಪರೀಕ್ಷೆಯಲ್ಲಿ ಈಸ್ಟ್ ವಿರಳವಾಯಿತು. ಆಮೇಲೆ ವಾರಕ್ಕೊಮ್ಮೆಗೆ ಇಳಿಸಿದೆವು, ಈಗ ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ. ಒಮ್ಮೆಗೇ ನಿಲ್ಲಿಸಿದರೆ ಮರುಕಳಿಸುವ ಸಂಭವ ಹೆಚ್ಚು, ಏಕೆಂದರೆ ಒಳಗಿರುವ ಅಲರ್ಜಿ ಹೋಗಿರುವುದಿಲ್ಲ.

ಚರ್ಮಕ್ಕೆ ಒಳಗಿನಿಂದಲೂ ಜಿಡ್ಡು ಬೇಕು. ಕರಾವಳಿಯಿಂದ ಗಾಡಿಯಲ್ಲಿ ಬರುವ ಬೂತಾಯಿ ಮೀನಿನಲ್ಲಿ ಒಮೆಗಾ-3 ಕೊಬ್ಬು ಚೆನ್ನಾಗಿರುತ್ತದೆ. ಉಪ್ಪು ಖಾರವಿಲ್ಲದೆ ಬೇಯಿಸಿ, ಮುಳ್ಳು ತೆಗೆದು ವಾರಕ್ಕೆ ಎರಡು ಸಲ ಅನ್ನದ ಜೊತೆ ಕಲಸಿ ಕೊಡುತ್ತೇವೆ. ಮೀನು ತರದ ಮನೆಯವರು ಮೀನೆಣ್ಣೆಯ ಕ್ಯಾಪ್ಸೂಲನ್ನು ವೈದ್ಯರು ಹೇಳುವ ಪ್ರಮಾಣದಲ್ಲಿ ಕೊಡಬಹುದು. ಇದರ ಫಲ ಕೂದಲಿನಲ್ಲಿ ಕಾಣಲು ಎರಡು ತಿಂಗಳಾದರೂ ಬೇಕು.

ಮುಧೋಳ ನಾಯಿಯಂಥ ಗಿಡ್ಡ ಕೂದಲಿನ, ಒಳಗೂದಲಿಲ್ಲದ ತಳಿಗೆ ಒಣಗುವ ತೊಂದರೆಯಿಲ್ಲ, ಆದರೆ ಮೈಮೇಲೆ ಕೊಬ್ಬು ಕಡಿಮೆಯಿರುವುದರಿಂದ ಬೇಗ ಚಳಿಯಾಗುತ್ತದೆ. ನಡು ಮಧ್ಯಾಹ್ನವೇ ಅದರ ಸ್ನಾನಕ್ಕೆ ಸರಿಯಾದ ಹೊತ್ತು. ಪೊಮೆರೇನಿಯನ್, ಶೆಫರ್ಡ್ ನಾಯಿಗಳನ್ನು ಸ್ನಾನ ಸುಲಭವಾಗಲೆಂದು ಬೋಳಿಸಬಾರದು, ಎರಡು ಪದರದ ಕೂದಲು ಮತ್ತೆ ಮೊದಲಿನಂತೆ ಬಾರದಿರಬಹುದು. ಎರಡು ತಿಂಗಳು ತುಂಬದ ಮರಿಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ ಸಾಕು.

ಇಷ್ಟೆಲ್ಲ ಮಾಡಿದರೂ ಸ್ನಾನದ ಎರಡನೆಯ ದಿನಕ್ಕೆ ಹೊಟ್ಟು ಏಳುತ್ತಿದ್ದರೆ, ಹೊಟ್ಟೆಯ ಚರ್ಮ ಕೆಂಪಾಗುತ್ತಿದ್ದರೆ, ಮುಟ್ಟಿದರೆ ಕೂದಲು ಒಣಹುಲ್ಲಿನಂತೆ ಗರಗರ ಎನ್ನುತ್ತಿದ್ದರೆ, ಆ ಶ್ಯಾಂಪೂ ಆ ನಾಯಿಗೆ ಒಗ್ಗಿಲ್ಲವೆಂದು ಅರ್ಥ. ಸ್ನಾನವನ್ನು ಎರಡು ವಾರ ನಿಲ್ಲಿಸಿ, ಶೀಸೆಯನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋಗಬೇಕು. ಶ್ಯಾಂಪೂವಿನ ಬದಲು ಕ್ಲೋರ್‌ಹೆಕ್ಸಿಡಿನ್ ಒರೆಸುಬಟ್ಟೆಗಳಿಂದ ರೋಗವಿರುವ ಜಾಗವನ್ನು ಮಾತ್ರ ಒರೆಸುವ ದಾರಿಯೂ ಇದೆ.

ಸ್ನಾನದ ದಿನವೇ ನಾಯಿ ಮಲಗುವ ಕಂಬಳಿ, ಗೋಣಿ, ಕತ್ತುಪಟ್ಟಿ ಮೂರನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ನಮ್ಮಲ್ಲಿ ಮಳೆಗಾಲಕ್ಕೆಂದು ಎರಡು ಜೊತೆ ಇಟ್ಟಿದ್ದೇವೆ: ಒಂದು ಜೊತೆ ಅಟ್ಟದ ಮೇಲೆ ಒಲೆಯ ಕಾವಿಗೆ ಒಣಗುತ್ತಿರುವಾಗ ಇನ್ನೊಂದು ಜೊತೆ ಜಗಲಿಯಲ್ಲಿ, ಭೈರನ ಅಡಿಯಲ್ಲಿ, ಇರುತ್ತದೆ.